ದೂರದ ಕಚ್ಚಾ ದಾರಿಗೆ ಹೊರಡುವ ಮೊದಲು ವಾಹನದ ತೂಕ ನೋಡಿ

ಆಫ್-ರೋಡ್ ವಾಹನದಲ್ಲಿ ಸಾವಿರಾರು ಕಿಲೋಮೀಟರ್ ಪ್ರಯಾಣಕ್ಕೆ ಸಿದ್ಧರಾಗುವವರು ಎಲ್ಲಕ್ಕಿಂತ ಮೊದಲು ತೂಕದ ಲೆಕ್ಕ ಹಾಕಬೇಕು. ಸ್ಪ್ರಿಂಗ್ ಪಟ್ಟಿ ಮುರಿದಾಗ, ಷಾಕ್ ಅಬ್ಸಾರ್ಬರ್ ಸೋರಿದಾಗ, ಟೈರ್ ಸಿಡಿದಾಗ ಅಥವಾ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಕಳೆದುಕೊಂಡಾಗ ನಾವು ದಾರಿಯನ್ನು ದೂರುತ್ತೇವೆ. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ಮೂಲ ನಾವೇ ಹೇರಿದ ಹೊರೆ.

ವಾಹನದ ಗರಿಷ್ಠ ಒಟ್ಟು ತೂಕ ಎಷ್ಟಿರಬಹುದೆಂದು ತಯಾರಕರು ಕೈಪಿಡಿಯಲ್ಲಿ ತಿಳಿಸಿರುತ್ತಾರೆ. ಅದರಿಂದ ಖಾಲಿ ವಾಹನದ ತೂಕವನ್ನು ಕಳೆದರೆ ಉಳಿಯುವುದೇ ಜನರನ್ನೂ ಸೇರಿಸಿ ಹೇರಬಹುದಾದ ಭಾರ. ಅದು 600 ಕಿಲೋ ಎಂದುಕೊಳ್ಳೋಣ. ತಲಾ 70 ಕಿಲೋದಂತೆ ನಾಲ್ವರಿಗೆ 280, ಛಾವಣಿಯ ಡೇರೆಗೆ 60, ಅದನ್ನು ಹೊರುವ ಕ್ಯಾರಿಯರ್‌ಗೆ 30, 60 ಲೀಟರ್ ನೀರಿಗೆ 60, ಹೆಚ್ಚುವರಿ 40 ಲೀಟರ್ ಡೀಸೆಲ್‌ಗೆ ಸುಮಾರು 34, ಎರಡನೆಯ ಸ್ಟೆಪ್ನಿಗೆ 35 ಎಂದು ಕೂಡಿಸಿದರೆ ಆಗಲೇ 499 ಕಿಲೋ ಆಯಿತು. ಬಟ್ಟೆ, ಅಡುಗೆ ಸಾಮಾನು, ಉಪಕರಣಗಳು, ಫ್ರಿಜ್, ಆಹಾರ ಎಲ್ಲವೂ ಉಳಿದ 101 ಕಿಲೋದಲ್ಲೇ ಮುಗಿಯಬೇಕು. ಆದ್ದರಿಂದ ಬೇಕಾಗಬಹುದು ಎನಿಸುವ ವಸ್ತುಗಳನ್ನು ಬಿಟ್ಟು, ಇಲ್ಲದಿದ್ದರೆ ಪ್ರಯಾಣವೇ ನಿಲ್ಲುತ್ತದೆ ಎನ್ನುವವನ್ನು ಮಾತ್ರ ಒಯ್ಯಬೇಕು. ಎಲ್ಲವನ್ನೂ ತುಂಬಿದ ಮೇಲೆ ವೇ ಬ್ರಿಡ್ಜ್‌ನಲ್ಲಿ ಒಮ್ಮೆ ತೂಗಿಸಿದರೆ ಅನುಮಾನ ಉಳಿಯುವುದಿಲ್ಲ.

ಭಾರವನ್ನು ಎಲ್ಲಿಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. ನೀರು, ಬ್ಯಾಟರಿ, ಉಪಕರಣಗಳಂತಹ ತೂಕದ ವಸ್ತುಗಳು ಆದಷ್ಟು ಕೆಳಗೆ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ (ಚಕ್ರದ ಅಚ್ಚುಗಳ) ನಡುವೆ ಇರಬೇಕು. ಛಾವಣಿಯ ಮೇಲೆ ಹೇರಿದಷ್ಟೂ ಗುರುತ್ವ ಕೇಂದ್ರ ಮೇಲೇರಿ, ಓರೆಯಾದ ದಾರಿಯಲ್ಲಿ ವಾಹನ ಮಗುಚುವ ಅಪಾಯ ಹೆಚ್ಚುತ್ತದೆ.

ಸರ್ವಿಸ್ ಕೆಲಸವನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ ಕೆಲವು ವಾರ ಮೊದಲೇ ಮುಗಿಸಬೇಕು. ಆಮೇಲೆ ಪೂರ್ತಿ ಸಾಮಾನು ಹೇರಿ ಕಚ್ಚಾ ರಸ್ತೆಯಲ್ಲಿ ಒಂದು ದಿನ ಓಡಿಸಿ ನೋಡಿದರೆ ಸಡಿಲ ಬೋಲ್ಟ್, ಉಜ್ಜುವ ಟೈರ್, ಅಲುಗಾಡುವ ಕ್ಯಾರಿಯರ್ ಎಲ್ಲವೂ ರಿಪೇರಿಗೆ ಅವಕಾಶವಿರುವಾಗಲೇ ಬೆಳಕಿಗೆ ಬರುತ್ತವೆ. ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಏರ್ ಮತ್ತು ಇಂಧನ ಫಿಲ್ಟರ್, ಫ್ಯೂಸ್, ಪಂಕ್ಚರ್ ಕಿಟ್ ಜೊತೆಗಿರಲಿ.

ಇಂಧನದ ಲೆಕ್ಕಕ್ಕೆ ಡಾಂಬರು ರಸ್ತೆಯ ಮೈಲೇಜನ್ನು ನಂಬಬಾರದು. ಮರಳು, ಕೆಸರು ಮತ್ತು ಲೋ ಗೇರ್‌ನ ಏರುಗಳಲ್ಲಿ ಅದು ತೀವ್ರವಾಗಿ ಕುಸಿಯುವುದರಿಂದ, ಎರಡು ಬಂಕ್‌ಗಳ ನಡುವಿನ ದೂರಕ್ಕೆ ಬೇಕಾದುದಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚು ಇಟ್ಟುಕೊಳ್ಳುವುದು ಕ್ಷೇಮ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ಕನಿಷ್ಠ 5 ಲೀಟರ್ ನೀರು ಬೇಕು. ಬಿಸಿಲಿನ ನಾಡಿನಲ್ಲಿ ಇನ್ನೂ ಹೆಚ್ಚು. ಒಂದು ಕ್ಯಾನ್ ಒಡೆದರೂ ಉಳಿದದ್ದು ದಕ್ಕುವಂತೆ ಅದನ್ನು ಹಲವು ಕ್ಯಾನ್‌ಗಳಲ್ಲಿ ಹಂಚಿಡಬೇಕು.

ದಾರಿಗಿಳಿದ ಮೇಲೆ ಚಾಲಕನ ಕೈಯಲ್ಲಿರುವ ಅತ್ಯಂತ ಉಪಯುಕ್ತ ಸಾಧನವೆಂದರೆ ಟೈರಿನ ಗಾಳಿ. ಗಾಳಿ ಇಳಿಸಿದಾಗ ಟೈರ್ ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ. ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ವಾಹನ ಮರಳಿನಲ್ಲಿ ಹೂತುಕೊಳ್ಳದೆ ಮೇಲೆಯೇ ಸಾಗುತ್ತದೆ. ಡಾಂಬರಿನಲ್ಲಿ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಟೈರನ್ನು ಜಲ್ಲಿ ದಾರಿಗೆ ಸುಮಾರು 26ರಿಂದ 28ಕ್ಕೆ, ಸಡಿಲ ಮರಳಿಗೆ 18ರ ಆಸುಪಾಸಿಗೆ ಇಳಿಸಬಹುದು. ಗಾಳಿ ಕಡಿಮೆಯಿದ್ದಾಗ ನಿಧಾನವಾಗಿ ಓಡಿಸಬೇಕು, ತಟ್ಟನೆ ತಿರುಗಿಸಬಾರದು. ಇಲ್ಲವಾದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಡಾಂಬರಿಗೆ ಮರಳಿದ ಕೂಡಲೇ ಮತ್ತೆ ಗಾಳಿ ತುಂಬಬೇಕಾದ್ದರಿಂದ ಒಳ್ಳೆಯ ಕಂಪ್ರೆಸರ್ ಬೇಕೇ ಬೇಕು. ನನ್ನ ಅಭಿಪ್ರಾಯದಲ್ಲಿ, ಸಿಕ್ಕಿಕೊಂಡ ವಾಹನವನ್ನು ಹಗ್ಗ ಸುತ್ತಿ ಎಳೆಯುವ ವಿಂಚ್‌ಗಿಂತ ಮೊದಲು ಕೊಳ್ಳಬೇಕಾದ ವಸ್ತು ಅದು.

ಪಾರ್ಟ್-ಟೈಮ್ ಫೋರ್ ವೀಲ್ ಡ್ರೈವ್ (ಬೇಕೆಂದಾಗ ಮಾತ್ರ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಒಂದೇ ವೇಗಕ್ಕೆ ಬಿಗಿಯಾಗಿ ಜೋಡಿಸುವ ವ್ಯವಸ್ಥೆ) ಇರುವ ವಾಹನದಲ್ಲಿ ಒಣಗಿದ ಡಾಂಬರಿನ ಮೇಲೆ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಟೈರ್ ಜಾರಲು ಅವಕಾಶವಿಲ್ಲದ ನೆಲದಲ್ಲಿ ಆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಕಡಿದಾದ ಇಳಿಜಾರಿನಲ್ಲಿ ಲೋ ರೇಂಜ್‌ನ (ವೇಗ ಕಡಿಮೆ, ಎಳೆತ ಹೆಚ್ಚು ಕೊಡುವ ಗೇರ್ ಜೋಡಣೆಯ) ಮೊದಲ ಗೇರ್ ಹಾಕಿ, ಕ್ಲಚ್ ಮುಟ್ಟದೆ, ಎಂಜಿನ್ನಿನ ತಡೆಯಲ್ಲೇ ಇಳಿಯಬೇಕು. ಮರಳಿನಲ್ಲಿ ಚಕ್ರ ಸುಮ್ಮನೆ ತಿರುಗತೊಡಗಿದರೆ ತಕ್ಷಣ ಆಕ್ಸಿಲರೇಟರ್ ಬಿಡಬೇಕು. ಇನ್ನಷ್ಟು ಒತ್ತಿದರೆ ಚಕ್ರ ತನ್ನ ಗುಂಡಿಯನ್ನು ತಾನೇ ತೋಡುತ್ತದೆ.

ಹರಿಯುವ ನೀರಿನ ಆಳ ಮೊಣಕಾಲು ದಾಟಿದ್ದರೆ ಕಾಯುವುದು ಅಥವಾ ಹಿಂದಿರುಗುವುದೇ ಸರಿ. ದಾಟುವಾಗ ಎಂಜಿನ್ ನಿಂತುಹೋದರೆ, ಏರ್ ಇನ್‌ಟೇಕ್‌ಗೆ ನೀರು ಹೊಕ್ಕಿಲ್ಲವೆಂದು ಖಚಿತವಾಗದೆ ಮತ್ತೆ ಸ್ಟಾರ್ಟ್ ಮಾಡಬಾರದು. ನೀರು ಗಾಳಿಯಂತೆ ಸಂಕುಚಿತವಾಗದ ಕಾರಣ ಒಂದೇ ಪ್ರಯತ್ನದಲ್ಲಿ ಎಂಜಿನ್ನಿನೊಳಗೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ದಾಟಿದ ಮೇಲೆ ಬ್ರೇಕನ್ನು ಮೆಲ್ಲನೆ ಒತ್ತಿ ಒಣಗಿಸಿ, ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರ್ ಪೆಟ್ಟಿಗೆ) ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡಬೇಕು. ತಿರುಗಿದ್ದರೆ ನೀರು ಸೇರಿದೆ, ಬದಲಿಸಬೇಕು.

ಸಿಕ್ಕಿಕೊಂಡ ವಾಹನವನ್ನು ಎಳೆಯುವಾಗ ಹಗ್ಗವನ್ನು ಟ್ರೇಲರ್ ಜೋಡಿಸುವ ಚೆಂಡಿನಾಕಾರದ ಟೋ ಬಾಲ್‌ಗೆ ಎಂದೂ ಕಟ್ಟಬಾರದು. ಅದು ಆ ಎಳೆತಕ್ಕಾಗಿ ಮಾಡಿದ್ದಲ್ಲ; ಕಿತ್ತು ಹಾರಿ ಜನ ಸತ್ತಿದ್ದಾರೆ. ಷಾಸಿಗೆ (ವಾಹನದ ಅಡಿ ಚೌಕಟ್ಟಿಗೆ) ಬೋಲ್ಟ್ ಮಾಡಿದ, ಸಾಮರ್ಥ್ಯ ನಮೂದಿಸಿದ ಕೊಂಡಿಗೆ ಮಾತ್ರ ಹಗ್ಗ ಹಾಕಿ, ನೋಡುವವರನ್ನೆಲ್ಲ ಹಗ್ಗದ ಉದ್ದಕ್ಕಿಂತಲೂ ದೂರ ನಿಲ್ಲಿಸಬೇಕು.

ದಾರಿಯ ವಿವರವನ್ನೂ ತಲುಪುವ ದಿನವನ್ನೂ ಮನೆಯಲ್ಲಿರುವ ಒಬ್ಬರಿಗೆ ಬರೆದುಕೊಟ್ಟಿರಬೇಕು; ಮೊಬೈಲ್ ಸಿಗ್ನಲ್ ಇಲ್ಲದ ಕಡೆಗೆ ಉಪಗ್ರಹ ಸಂದೇಶ ಸಾಧನ ಬೇಕು. ನಿರ್ಜನ ಪ್ರದೇಶದಲ್ಲಿ ವಾಹನ ಕೆಟ್ಟರೆ ಸಹಾಯ ಹುಡುಕಿಕೊಂಡು ನಡೆದು ಹೋಗಬಾರದು. ಹುಡುಕುವವರಿಗೆ ಮನುಷ್ಯನಿಗಿಂತ ವಾಹನ ಬೇಗ ಕಾಣುತ್ತದೆ, ನೆರಳೂ ನೀರೂ ಅಲ್ಲೇ ಇರುತ್ತವೆ.

ಪ್ರತಿ ಸಂಜೆ ವಾಹನ ನಿಲ್ಲಿಸಿದ ಮೇಲೆ, ಬೆಳಕಿರುವಾಗಲೇ, ಅದರ ಸುತ್ತ ಒಮ್ಮೆ ನಡೆದು ಟೈರುಗಳ ಪಕ್ಕದ ಗೋಡೆ, ಚಕ್ರದ ನಟ್ಟು, ಕ್ಯಾರಿಯರ್ ಬೋಲ್ಟುಗಳನ್ನು ಪರೀಕ್ಷಿಸಿ, ಕೆಳಗೆ ಬಗ್ಗಿ ಎಣ್ಣೆ ಸೋರುತ್ತಿದೆಯೇ ಎಂದು ನೋಡಬೇಕು. ಎಂಜಿನ್ ಆಯಿಲ್ ಮತ್ತು ಕೂಲೆಂಟ್ ಮಟ್ಟವನ್ನು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡಿದರೆ ಸಾಕು.