ಫಸ್ಟ್ ಇಯರ್‌ಗೆ ಕಾಲೇಜ್ ಹಾಸ್ಟೆಲ್ಲಾ, ಹೊರಗೆ ರೂಮಾ? ಶಿವಮೊಗ್ಗಕ್ಕೆ ಮಕ್ಕಳನ್ನ ಕಳ್ಸೋರಿಗೆ

ಸೀಟು ಸಿಕ್ಕಿದ ದಿನ ಖುಷಿ, ಮಾರನೇ ದಿನದಿಂದ ಮನೇಲಿ ಒಂದೇ ಮಾತು, ಇವನ್ನ ಎಲ್ಲಿ ಬಿಡೋದು ಅಂತ. ತೀರ್ಥಹಳ್ಳಿ, ಹೊಸನಗರ, ಸೊರಬ ಕಡೆಯಿಂದ ಶಿವಮೊಗ್ಗಕ್ಕೆ ಓದಕ್ಕೆ ಬರೋ ಎಲ್ಲಾ ಮನೆಗಳಲ್ಲೂ ಇದೇ ಕಥೆ. ನಾನು ಒಂದು ವರ್ಷ ಕಾಲೇಜ್ ಹಾಸ್ಟೆಲಲ್ಲಿದ್ದು ಆಮೇಲೆ ಶಿವಮೊಗ್ಗದ ಗೋಪಾಳ ಬಡಾವಣೇಲಿ ಮೂರು ಜನ ಸೇರಿ ರೂಮ್ ಮಾಡ್ಕೊಂಡಿದ್ದೆ, ತಮ್ಮ ಮಾತ್ರ ಮೊದಲ್ನೇ ದಿನದಿಂದ ಹೊರಗಿನ ಪಿಜಿ, ಹಾಗಾಗಿ ಎರಡೂ ಕಡೆದು ಹತ್ರದಿಂದ ನೋಡಿದೀನಿ.

ಎಲ್ರೂ ಮೊದಲು ಕೇಳೋದು ದುಡ್ಡು ಎಷ್ಟು ಅಂತ. ನಾನು ಕೇಳಿ ಅನ್ನೋದು ಬೇರೆ: ಸಂಜೆ ಐದಕ್ಕೆ ಕ್ಲಾಸ್ ಬಿಟ್ಟಮೇಲೆ ರಾತ್ರಿ ಮಲಗೋವರೆಗೆ ಈ ಮಗು ಎಲ್ಲಿರತ್ತೆ, ಯಾರ ಜೊತೆ ಇರತ್ತೆ, ಎಂತ ತಿನ್ನತ್ತೆ? ಬೆಳಿಗ್ಗೆ ಹೊತ್ತು ಹೆಂಗೋ ಕಾಲೇಜಲ್ಲಿ ಕಳೆದೋಗತ್ತೆ. ಆ ಐದಾರು ಗಂಟೆನೇ ಮೊದಲ ವರ್ಷ ಕಷ್ಟ, ಮನೆ ನೆನಪಾಗೋದೂ ಆವಾಗ್ಲೇ, ಇಂಗ್ಲಿಷಲ್ಲಿ ಹೇಳಿದ ಪಾಠ ಅರ್ಥ ಆಗಿಲ್ಲ ಅಂತ ಗೊತ್ತಾಗೋದೂ ಆವಾಗ್ಲೇ. ಹಾಸ್ಟೆಲಲ್ಲಿ ಪಕ್ಕದ ರೂಮಿಗೆ ಪುಸ್ತಕ ಹಿಡ್ಕೊಂಡು ಹೋದ್ರೆ ಅದೇ ಬ್ರಾಂಚಿನ ನಾಲ್ಕು ಜನ ಸಿಗ್ತಾರೆ, ಹೊರಗಿನ ರೂಮಲ್ಲಿ ಯಾರೂ ಇರಲ್ಲ, ಮೊಬೈಲ್ ಮಾತ್ರ ಇರತ್ತೆ. ಅದಕ್ಕೇ ನನ್ನ ಲೆಕ್ಕದಲ್ಲಿ ಮೊದಲ ವರ್ಷ ಸಿಗೋದಾದ್ರೆ ಕ್ಯಾಂಪಸ್ ಹಾಸ್ಟೆಲ್ಲೇ ಸರಿ.

ಜಾಗದ ಮೇಲೂ ನಿಂತಿದೆ ಇದು. ಸಹ್ಯಾದ್ರಿ ಕಾಲೇಜು ಊರಿಗೆ ಅಂಟ್ಕೊಂಡೇ ಇದೆ, ಹೊರಗಿದ್ರೂ ಓಡಾಟಕ್ಕೆ ತೊಂದ್ರೆ ಇಲ್ಲ. ನವುಲೆಯ ಜೆಎನ್‌ಎನ್‌ಸಿಇ ಇಂಜಿನಿಯರಿಂಗ್ ಕಾಲೇಜು ಸವಳಂಗ ರಸ್ತೆಲಿ ಸ್ವಲ್ಪ ಹೊರಗೆ, ಅಲ್ಲಿಗೆ ರೂಮ್ ಮಾಡೋರು ನವುಲೆ ಅಥವಾ ವಿನೋಬನಗರ ನೋಡಿ, ಊರಿನ ಆಚೆ ತುದಿಲಿ ಬಾಡಿಗೆ ಕಮ್ಮಿ ಅಂತ ಹೋದ್ರೆ ಉಳಿದಿದ್ದು ಆಟೋಗೆ ಹೋಗತ್ತೆ. ಕುವೆಂಪು ವಿವಿ ಇರೋ ಶಂಕರಘಟ್ಟಕ್ಕೆ ಎಂಎ, ಎಂಎಸ್ಸಿ ಮಾಡಕ್ಕೆ ಹೋಗೋರಿಗಂತೂ ಹಾಸ್ಟೆಲ್ ಬಿಟ್ಟು ಯೋಚ್ನೆ ಬೇಡ, ಶಿವಮೊಗ್ಗದಿಂದ 25 ಕಿಲೋಮೀಟರ್ ಮೇಲಾಗತ್ತೆ. ದಿನಾ ಊರಿಂದ ಓಡಾಡ್ತೀನಿ ಅನ್ನೋರಿಗೆ ಒಂದ್ಮಾತು, ತೀರ್ಥಹಳ್ಳಿಯಿಂದ ಒಂದು ಕಡೆಗೇ 60 ಕಿಲೋಮೀಟರ್, ಅದರ ಮೇಲೆ ಮಳೇಲಿ ಮಂಡಗದ್ದೆ ರಸ್ತೆ ಕಷ್ಟ ಬೇರೆ. 2023ರಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಲಿ ಫ್ರೀ ಇದೆ ನಿಜ, ಆದ್ರೆ ಅದು ಸರ್ಕಾರಿ ಬಸ್ಸಿಗೆ, ನಮ್ಮ ಕಡೆ ಓಡೋದು ಹೆಚ್ಚಾಗಿ ಖಾಸಗಿ ಬಸ್ಸು.

ಇನ್ನು ನೋಡೋದು ಹೆಂಗೆ. ದಯವಿಟ್ಟು ಮಳೆ ಬರೋ ದಿನ ಹೋಗಿ, ಅದೂ ಸಂಜೆ. ನನ್ನ ತಮ್ಮನ ಪಿಜಿ ನಾವು ನೋಡಿದ್ದು ಬಿಸಿಲಿದ್ದ ಒಂದು ಭಾನುವಾರ ಮಧ್ಯಾಹ್ನ, ಹೊಸ ಪೇಂಟು, ಬೆಳಕು, ಅಪ್ಪ ಅಲ್ಲೇ ಅಡ್ವಾನ್ಸ್ ಕೊಟ್ಬಿಟ್ರು. ಗಣಪತಿ ಹಬ್ಬಕ್ಕೆ ಅವನು ಊರಿಗೆ ಬಂದಾಗ ಅಮ್ಮ ಬ್ಯಾಗ್ ಬಿಚ್ಚಿದ್ರು, ಒಗೆದು ಮಡಚಿಟ್ಟಿದ್ದ ಬಿಳಿ ಶರ್ಟಿನ ಕಾಲರ್ ತುಂಬಾ ಕಪ್ಪು ಚುಕ್ಕಿ, ಬೆಲ್ಟಿನ ಮೇಲೆ ಬೆರಳಾಡಿಸಿದ್ರೆ ಬೂದಿ ತರ ಬೂಷ್ಟು. ಒಂದೂ ಕಿಟಕಿ ತೆಗೆಯೋ ಹಂಗಿರಲಿಲ್ವಂತೆ, ಪಕ್ಕದ ಮನೆ ಗೋಡೆ ಅಷ್ಟು ಹತ್ರ. ರಾತ್ರಿಯೆಲ್ಲಾ ಕೆಮ್ಮು. ಅಮ್ಮ ಏನೂ ಮಾತಾಡ್ದೆ ಆ ಶರ್ಟನ್ನ ಬಚ್ಚಲು ಒಲೆ ಮೇಲಿನ ತಂತಿಗೆ ಹಾಕಿದ್ರು. ಬಿಡ್ತೀವಿ ಅಂದಾಗ ಓನರ್ ಅಡ್ವಾನ್ಸಲ್ಲಿ ಅರ್ಧ ಮುರ್ಕೊಂಡ್ರು, ರಸೀದಿ ಇಲ್ಲ, ಕೇಳೋದು ಯಾವ ಬಾಯಲ್ಲಿ.

ಅದಕ್ಕೆ ಹೇಳೋದು, ಒಳಗೆ ಹೋದ ತಕ್ಷಣ ಕಿಟಕಿ ಕೆಳಗಿನ ಗೋಡೆಗೆ ಅಂಗೈ ಒತ್ತಿ ಹಿಡೀರಿ, ತಣ್ಣಗೆ ಜಿನುಗ್ತಿದ್ರೆ ಗೊತ್ತಾಗತ್ತೆ. ಬಟ್ಟೆ ಎಲ್ಲಿ ಒಣಗಿಸ್ತಾರೆ ನೋಡಿ, ಶೀಟು ಹಾಕಿದ ಟೆರೇಸ್ ಇದ್ರೆ ಒಳ್ಳೇದು. ಕರೆಂಟ್ ಹೋದ್ರೆ ಯುಪಿಎಸ್ ಇದ್ಯಾ, ಬಿಸಿನೀರು ಎಷ್ಟು ಗಂಟೆವರೆಗೆ ಅಂತ ವಾರ್ಡನ್ನನ್ನೋ ಓನರನ್ನೋ ಕೇಳೋ ಬದಲು ಅಲ್ಲಿರೋ ಹುಡುಗ್ರನ್ನೇ ಕೇಳಿ. ಆಗಿದ್ರೆ ಮೆಸ್ಸಲ್ಲಿ ಒಂದು ಊಟ ಮಾಡಿ. ಹೆಣ್ಣುಮಕ್ಕಳಿಗೆ ಬಸ್‌ಸ್ಟಾಪಿಂದ ರೂಮಿನವರೆಗೆ ಕತ್ತಲಾದ ಮೇಲೆ ಒಮ್ಮೆ ನಡೆದು ನೋಡಿ, ಬೀದಿ ದೀಪ ಉರೀತದಾ, ಅಂಗಡಿ ತೆಗೆದಿರತ್ತಾ ಅಂತ.

ದುಡ್ಡಿನ ಮಾತು. ಹಾಸ್ಟೆಲ್ ಫೀಸು ವರ್ಷದ್ದು ಒಟ್ಟಿಗೆ ಕೇಳ್ತಾರೆ, ಅದೂ ಮಳೆಗಾಲದಲ್ಲಿ. ಅಡಿಕೆ ಕೊಯ್ಲಾಗಿ, ಬೇಯ್ಸಿ, ಒಣಗಿ, ಮಂಡಿಗೆ ಹೋಗೋವರೆಗೆ ನಮ್ಮ ಮನೆಗಳಲ್ಲಿ ಅಷ್ಟು ದುಡ್ಡು ಎಲ್ಲಿರತ್ತೆ, ನಾಚ್ಕೋಬೇಡಿ, ಆಫೀಸಲ್ಲಿ ಎರಡು ಕಂತು ಮಾಡ್ಕೊಡ್ತೀರಾ ಅಂತ ಬರೆದು ಕೇಳಿ. ರೂಮಾದ್ರೆ ತಿಂಗಳ ಬಾಡಿಗೆ ಕಮ್ಮಿ ಕಾಣತ್ತೆ, ಆದ್ರೆ ಅಡ್ವಾನ್ಸು, ಹಾಸಿಗೆ, ಗ್ಯಾಸು, ಪಾತ್ರೆ, ರಜೆ ತಿಂಗಳ ಬಾಡಿಗೆ ಎಲ್ಲಾ ಕೂಡಿಸಿ ಪೂರ್ತಿ ವರ್ಷದ ಲೆಕ್ಕ ಬರೆದು ಪಕ್ಕಪಕ್ಕ ಇಟ್ಟು ನೋಡಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ತಗೊಳ್ಳಿ, ಬಿಡುವಾಗ ಎಷ್ಟು ದಿನ ಮುಂಚೆ ಹೇಳ್ಬೇಕು, ಎಷ್ಟು ಮುರ್ಕೋತಾರೆ ಅನ್ನೋದು ಬರವಣಿಗೆಲಿರ್ಲಿ.

ಇವೆರಡರ ಮಧ್ಯೆ ಮೂರನೇದು ಒಂದಿದೆ, ತುಂಬಾ ಜನ ಮರೀತಾರೆ. ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಮತ್ತು ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗಳು, ಊಟ ವಸತಿ ಉಚಿತ, ಅರ್ಜಿ ಆನ್‌ಲೈನಲ್ಲಿ. ಜಾತಿ ಆದಾಯ ಸರ್ಟಿಫಿಕೇಟ್ ನಾಡಕಚೇರಿಲಿ ಈಗ್ಲೇ ಮಾಡಿಸಿಟ್ಕೊಳ್ಳಿ, ಅರ್ಜಿ ಕರೆದ ಮೇಲೆ ಓಡಿದ್ರೆ ಆಗಲ್ಲ. ಅಲ್ಲಿ ಸೀಟ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅಂತ ತಿಂಗಳಿಗೆ ಇಷ್ಟು ಅಂತ ಸರ್ಕಾರ ದುಡ್ಡು ಕೊಡೋ ಯೋಜನೆ ಇದೆ, ರೂಮ್ ಬಾಡಿಗೆಗೆ ಅದೂ ಒಂದು ಆಸರೆ.

ಹಾಸ್ಟೆಲ್ ಅಂದ್ರೆ ಸೀನಿಯರ್ಸ್ ಕಾಟ ಅಂತ ಹೆದ್ರೋರು 1800-180-5522 ನಂಬರ್ ಸೇವ್ ಮಾಡ್ಕೊಳ್ಳಿ, ರ‍್ಯಾಗಿಂಗ್ ದೂರಿಗೆ ಹಗಲು ರಾತ್ರಿ ಇರೋದು.

ಹಾಗಂತ ಎಲ್ರಿಗೂ ಹಾಸ್ಟೆಲ್ ಒಗ್ಗಲ್ಲ. ಊಟದಲ್ಲಿ ಪಥ್ಯ ಇರೋರು, ಗಲಾಟೇಲಿ ಓದಕ್ಕೇ ಆಗದೋರು, ಶಿವಮೊಗ್ಗದಲ್ಲೇ ಓದ್ತಿರೋ ಅಕ್ಕನೋ ಅಣ್ಣನೋ ಇರೋರು ರೂಮಲ್ಲಿ ಚೆನ್ನಾಗೇ ಇರ್ತಾರೆ. ಬಾಕಿ ಮಕ್ಕಳು ಒಂದು ವರ್ಷ ಒಳಗಿದ್ದು, ಯಾರ ಜೊತೆ ಹೊಂದತ್ತೆ ಅಂತ ನೋಡ್ಕೊಂಡು ಎರಡನೇ ವರ್ಷಕ್ಕೆ ಹೊರಗೆ ಬರ್ಲಿ. ಆಗ ರೂಮ್ ಹುಡುಕೋದು ಫೈನಲ್ ಇಯರ್‌ನವ್ರು ಖಾಲಿ ಮಾಡೋ ಹೊತ್ತಿಗೆ. ಬೇಸಿಗೆಲಿ ಗೋಡೆ ಒಣಗಿರತ್ತೆ, ಏನೂ ಗೊತ್ತಾಗಲ್ಲ, ಅದಕ್ಕೆ ಗಂಟುಮೂಟೆ ಕಟ್ತಿರೋ ಹುಡುಗ್ರನ್ನೇ ನಿಲ್ಸಿ ಕೇಳಿ, ಜುಲೈಲಿ ಬಟ್ಟೆ ಎಲ್ಲಿ ಒಣಗಿಸ್ತಿದ್ರಿ ಅಂತ.