ರಾತ್ರಿ ಹಿತ್ತಲಿಗೆ ಬರುವ ಹೆಜ್‌ಹಾಗ್ ನೋಡುವ ಬಗೆ

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳೋಣ. ಇದು ಮುಳ್ಳುಹಂದಿ ಅಲ್ಲ. ಗೇಣುದ್ದದ ಮುಳ್ಳಿರುವ, ಗೆಡ್ಡೆ ಅಗೆದು ತಿನ್ನುವ ಮುಳ್ಳುಹಂದಿ ಇಲಿ, ಅಳಿಲುಗಳಂತೆ ದಂಶಕಗಳ ಜಾತಿ. ಹೆಜ್‌ಹಾಗ್ ಜೀರುಂಡೆ, ಎರೆಹುಳು, ಕಂಬಳಿಹುಳು ತಿನ್ನುವ, ಬೆನ್ನಿಗೆ ಗಿಡ್ಡ ಮುಳ್ಳಿರುವ ಪುಟ್ಟ ಪ್ರಾಣಿ. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಇಲ್ಲಿ ಹೇಳುವುದೆಲ್ಲ ಬ್ರಿಟನ್ ಮತ್ತು ಯುರೋಪಿನ ಹಿತ್ತಲುಗಳಿಗೆ ಬರುವ, 20ರಿಂದ 30 ಸೆಂ.ಮೀ. ಉದ್ದದ ಜಾತಿಯ ಬಗ್ಗೆ.

ಟಾರ್ಚ್ ಹಿಡಿದು ಹುಡುಕಿಕೊಂಡು ಹೋದರೆ ಅದು ಸಿಗುವುದು ಅಪರೂಪ. ಒಂದು ರಾತ್ರಿಗೆ ಒಂದೆರಡು ಕಿಲೋಮೀಟರ್ ಸುತ್ತುವ ಪ್ರಾಣಿ ಅದು. ನಿಮ್ಮ ಹಿತ್ತಲು ಅದರ ದಾರಿಯಲ್ಲಿ ಕೆಲವೇ ನಿಮಿಷದ ನಿಲ್ದಾಣ. ಆದ್ದರಿಂದ ಅದು ಬರುತ್ತಿದೆಯೇ, ಎಲ್ಲಿಂದ ನುಸುಳುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ಕಾಯುತ್ತ ಕೂರುವುದು ಆಮೇಲಿನ ಮಾತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಚಳಿಗಾಲದ ಬಹುಭಾಗವನ್ನು ಅದು ಎಲೆಗಳ ಗೂಡಿನಲ್ಲಿ ನಿದ್ರೆಯಲ್ಲಿ ಕಳೆಯುತ್ತದೆ.

ಬೆಳಗ್ಗೆ ಹುಲ್ಲಿನ ಮೇಲೆ ಕಣ್ಣಾಡಿಸಿ. ಕಪ್ಪಗೆ ಹೊಳೆಯುವ, 2ರಿಂದ 5 ಸೆಂ.ಮೀ. ಉದ್ದದ ಹಿಕ್ಕೆ ಕಂಡರೆ ಕಡ್ಡಿಯಿಂದ ಬಿಡಿಸಿ ನೋಡಿ. ಒಳಗೆ ಜೀರುಂಡೆಯ ರೆಕ್ಕೆಯ ಚೂರುಗಳು ಮಿನುಗಿದರೆ ಅದು ಬಹುಪಾಲು ಹೆಜ್‌ಹಾಗ್‌ನದೇ. ಖಚಿತಪಡಿಸಿಕೊಳ್ಳಲು ಹೆಜ್ಜೆ ಸುರಂಗ ಮಾಡಿ: ಸುಮಾರು 1.2 ಮೀಟರ್ ಉದ್ದದ ಪ್ಲಾಸ್ಟಿಕ್ ಹಾಳೆಯನ್ನು ತ್ರಿಕೋನವಾಗಿ ಮಡಚಿ, ನಡುವೆ ಊಟದ ತಟ್ಟೆ, ಅದರ ಎರಡೂ ಬದಿಗೆ ಮಸಿ ಬಳಿದ ಮಾಸ್ಕಿಂಗ್ ಟೇಪಿನ ಪಟ್ಟಿ, ಎರಡೂ ತುದಿಗೆ ಎ4 ಬಿಳಿ ಹಾಳೆ. ಮಸಿಗೆ ಇದ್ದಿಲ ಪುಡಿಯನ್ನು ಅಡುಗೆ ಎಣ್ಣೆಯಲ್ಲಿ ಕಲಸಿದರೆ ಸಾಕು. ನೀರಿನ ಬಣ್ಣ ರಾತ್ರಿಯೊಳಗೆ ಒಣಗಿಬಿಡುತ್ತದೆ, ಎಣ್ಣೆಯದು ಒಣಗುವುದಿಲ್ಲ. ಪ್ರಾಣಿ ನೆಕ್ಕಿದರೂ ಅಪಾಯವಿಲ್ಲ. ಸುರಂಗವನ್ನು ಹಿತ್ತಲ ನಟ್ಟನಡುವೆ ಇಡಬೇಡಿ, ಬೇಲಿ ಅಥವಾ ಗೋಡೆಯ ಅಂಚಿಗೆ ಇಡಿ. ಅಂಚು ಹಿಡಿದು ನಡೆಯುವುದು ಅದರ ಅಭ್ಯಾಸ. ಮುಂಗಾಲಿನ ಗುರುತು ಪುಟ್ಟ ಮಗುವಿನ ಅಂಗೈಯಂತೆ ಬೆರಳು ಹರಡಿ ಅಗಲವಾಗಿರುತ್ತದೆ, ಹಿಂಗಾಲಿನದು ಕಿರಿದು, ಉದ್ದ. ಬೆಕ್ಕಿನದಾದರೆ ದುಂಡಗೆ, ನಾಲ್ಕೇ ಬೆರಳು, ಉಗುರಿನ ಗುರುತಿಲ್ಲ. ಮೊದಲ ರಾತ್ರಿ ಹಾಳೆ ಖಾಲಿಯಿದ್ದರೆ ಕೈಬಿಡಬೇಡಿ, ಐದು ರಾತ್ರಿಯಾದರೂ ಇಡಿ.

ಏನೂ ಬರದಿದ್ದರೆ ಬಹಳ ಸಲ ಕಾರಣ ಬೇಲಿಯೇ. ಬುಡದಲ್ಲಿ 13 ಸೆಂ.ಮೀ. ಅಗಲ, 13 ಸೆಂ.ಮೀ. ಎತ್ತರದ ಕಿಂಡಿ ಬಿಡಿ. ಪಕ್ಕದ ಮನೆಯವರೂ ಬಿಟ್ಟರೆ ಇನ್ನೂ ಒಳ್ಳೆಯದು.

ಊಟಕ್ಕೆ ಬೆಕ್ಕು ಅಥವಾ ನಾಯಿಗೆಂದು ಮಾಡಿದ ಮಾಂಸದ ಆಹಾರ ಒಂದೆರಡು ದೊಡ್ಡ ಚಮಚ, ಜೊತೆಗೆ ಆಳವಿಲ್ಲದ ಬಟ್ಟಲಲ್ಲಿ ನೀರು. ಮುಸ್ಸಂಜೆಗೆ ಇಟ್ಟು, ಬೆಳಗ್ಗೆ ಉಳಿದದ್ದನ್ನು ತೆಗೆದು, ತಟ್ಟೆ ತೊಳೆಯಿರಿ. ಹಾಲು ಬೇಡವೇ ಬೇಡ: ಅದರಲ್ಲಿನ ಲ್ಯಾಕ್ಟೋಸ್ ಅರಗದೆ ಭೇದಿಯಾಗುತ್ತದೆ. ಒಣಗಿಸಿದ ಮೀಲ್‌ವರ್ಮ್ (ಒಂದು ಬಗೆಯ ಜೀರುಂಡೆಯ ಮರಿಹುಳು), ಕಡಲೆಕಾಯಿ, ಸೂರ್ಯಕಾಂತಿ ಬೀಜವನ್ನು ಅದು ಆಸೆಯಿಂದ ತಿನ್ನುತ್ತದೆ, ನಮಗೂ ನೋಡಲು ಖುಷಿ. ಆದರೆ ಅವುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ದಿನಾ ಕೊಟ್ಟರೆ ಮೂಳೆ ಟೊಳ್ಳಾಗುತ್ತದೆ. ಬೆಕ್ಕುಗಳು ಊಟ ಕದಿಯುತ್ತಿದ್ದರೆ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದೇ 13 ಸೆಂ.ಮೀ. ಬಾಗಿಲು ಕೊರೆದು, ಒಳಗೆ ಒಂದು ಅಡ್ಡಗೋಡೆ ನಿಲ್ಲಿಸಿ. ಬೆಕ್ಕು ಬಾಗಿಲಿಂದ ಪಂಜ ಚಾಚಿದರೂ ತಟ್ಟೆ ಸಿಗುವುದಿಲ್ಲ. ಕೊರೆದ ಅಂಚಿಗೆ ಟೇಪ್ ಅಂಟಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮೈ ತರಚುತ್ತದೆ.

ಪ್ರಾಣಿ ಮುಂದೆ ಸುಳಿದಾಗ ತಾನೇ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾ ಇದ್ದರೆ ನೆಲದಿಂದ 20–40 ಸೆಂ.ಮೀ. ಎತ್ತರದಲ್ಲಿ, ತಟ್ಟೆಯಿಂದ ಸುಮಾರು 2 ಮೀಟರ್ ದೂರದಲ್ಲಿ ಕಟ್ಟಿ. ಇದಕ್ಕಿಂತ ಹತ್ತಿರವಾದರೆ ಎರಡು ತೊಂದರೆ: ಚಿತ್ರ ಮಸುಕಾಗುತ್ತದೆ, ಇನ್‌ಫ್ರಾರೆಡ್ ಬೆಳಕಿಗೆ ಮೂತಿ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಹತ್ತಿರವೇ ಇಡಬೇಕಾದ ಜಾಗವಾದರೆ ಎಲ್‌ಇಡಿಗಳ ಮೇಲೆ ಒಂದೆರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ. ಸೆನ್ಸರ್ ಮುಚ್ಚಬಾರದು. ಗಾಳಿಗೆ ಅಲುಗುವ ಹುಲ್ಲು, ಎಲೆಗಳನ್ನು ಮುಂದಿನಿಂದ ಕತ್ತರಿಸಿ ತೆಗೆಯಿರಿ; ಇಲ್ಲದಿದ್ದರೆ ಬೆಳಗ್ಗೆ ನೂರಾರು ಖಾಲಿ ವಿಡಿಯೊ ನೋಡುತ್ತ ಕೂರಬೇಕಾಗುತ್ತದೆ. ಒಂದೊಂದು ತುಣುಕು 20–30 ಸೆಕೆಂಡ್ ಇರಲಿ. ಗಡಿಯಾರವನ್ನು ಸರಿಯಾಗಿ ಹೊಂದಿಸಿ, ಏಕೆಂದರೆ ಮುಂದಿನ ಹಂತಕ್ಕೆ ಬೇಕಾದದ್ದು ಆ ಸಮಯವೇ.

ಒಂದು ವಾರದ ವಿಡಿಯೊದಲ್ಲಿ ಬರುವ ಹೊತ್ತು ಗೊತ್ತಾದರೆ, ಅದಕ್ಕೆ ಅರ್ಧ ಗಂಟೆ ಮೊದಲೇ ಹೊರಗೆ ಹೋಗಿ ಕೂತುಬಿಡಿ. ಹೆಜ್‌ಹಾಗ್‌ನ ಕಣ್ಣು ಮಂದ, ಮೂಗು ಕಿವಿ ಬಲು ಚುರುಕು. ಹಾಗಾಗಿ ಗಾಳಿ ತಟ್ಟೆಯ ಕಡೆಯಿಂದ ನಿಮ್ಮತ್ತ ಬೀಸುವಂತೆ ಜಾಗ ಹಿಡಿಯಿರಿ. ಸರಸರ ಎನ್ನುವ ಮಳೆಯಂಗಿ ಬೇಡ. ಕೀಲಿಗೊಂಚಲನ್ನು ಒಳಗೇ ಬಿಟ್ಟು ಬನ್ನಿ: ಮಾತಿನ ದನಿಗಿಂತ ಚಿಲಕ್ಕೆನ್ನುವ ಚಿಕ್ಕ ಸದ್ದಿಗೇ ಅದು ಬೆಚ್ಚಿ ಹಣೆಯ ಮುಳ್ಳು ಮುಂದಕ್ಕೆಳೆದುಕೊಳ್ಳುತ್ತದೆ. ಬೆಳಕು ಬೇಕೆಂದರೆ ಟಾರ್ಚಿಗೆ ಕೆಂಪು ಹಾಳೆ ಸುತ್ತಿ, ಅದರ ಮೇಲೆ ನೇರ ಬಿಡದೆ ಪಕ್ಕಕ್ಕೆ ಹಿಡಿಯಿರಿ.

ಕಾಣುವ ಮೊದಲೇ ಕೇಳುತ್ತದೆ. ಒಣ ಎಲೆ ಚರಪರ ಎನ್ನುತ್ತದೆ, ಮೂಸುವ ಸುಸುಸು ಉಸಿರು, ಆಮೇಲೆ ತಟ್ಟೆಯಲ್ಲಿ ಚಪಚಪ. ಮೇ-ಜೂನ್‌ನಲ್ಲಿ ಜೋರಾದ ಬುಸುಗುಟ್ಟುವಿಕೆ ಕೇಳಿದರೆ ಗಾಬರಿಯಾಗಬೇಡಿ. ಗಂಡು ಹೆಣ್ಣಿನ ಸುತ್ತ ಸುತ್ತುತ್ತಿದೆ, ಇದು ಗಂಟೆಗಟ್ಟಲೆ ನಡೆಯಬಹುದು. ಕೆಲವೊಮ್ಮೆ ಏನನ್ನೋ ಅಗಿದು, ಬಾಯಲ್ಲಿ ನೊರೆ ತುಂಬಿ, ಕತ್ತು ತಿರುಚಿ ತನ್ನದೇ ಬೆನ್ನ ಮುಳ್ಳಿಗೆ ಬಳಿದುಕೊಳ್ಳುತ್ತದೆ. ಇದು ರೋಗವಲ್ಲ, ಸಹಜ ನಡವಳಿಕೆ.

ಹಗಲಲ್ಲಿ ಬಿಸಿಲಿಗೆ ಬಿದ್ದುಕೊಂಡಿರುವ, ತೂರಾಡುವ ಹೆಜ್‌ಹಾಗ್ ಕಂಡರೆ ಮಾತ್ರ ತಡಮಾಡಬೇಡಿ. ದಪ್ಪ ಕೈಗವಸು ತೊಟ್ಟು ಎತ್ತರದ ರಟ್ಟಿನ ಪೆಟ್ಟಿಗೆಗೆ ಹಾಕಿ, ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಟ್ಟು ಬೆಚ್ಚಗಿರಿಸಿ, ವನ್ಯಜೀವಿ ಆರೈಕೆ ಮಾಡುವವರಿಗೆ ಫೋನ್ ಮಾಡಿ.

ನವೆಂಬರ್ ಬಂತೆಂದು ತಟ್ಟೆ ಎತ್ತಿಡಬೇಡಿ. ತಡವಾಗಿ ಹುಟ್ಟಿದ ಮರಿಗಳು ಆಗಲೂ ಮೈಗೆ ಕೊಬ್ಬು ಸೇರಿಸಲು ಅಲೆಯುತ್ತಿರುತ್ತವೆ. ಕೆಲವು ರಾತ್ರಿ ಸತತವಾಗಿ ಊಟ ಮುಟ್ಟದೆ ಉಳಿದರೆ ಆಗ ನಿಲ್ಲಿಸಿ, ನೀರನ್ನು ಮಾತ್ರ ಇಡುತ್ತಿರಿ.