ಬಾವಿಗೆ ಪಂಪು ಇಳಿಸುವಾಗ ಕೇಬಲ್ ಸ್ವಲ್ಪ ಸಡಿಲ ಇರಲಿ

ಮನೆ ಬಾವಿಗೆ ಸಬ್‌ಮರ್ಸಿಬಲ್ ಪಂಪು ಇಳಿಸುವಾಗ ಕೇಬಲನ್ನು ಪೈಪಿಗೆ ಬಿಗಿಯಾಗಿ ಎಳೆದು ಕಟ್ಟಬೇಡಿ. 10 ಅಡಿಗೊಂದು ಕಟ್ಟು ಹಾಕಿ, ನಡುವೆ ಎರಡು ಬೆರಳು ತೂರುವಷ್ಟು ಸಡಿಲ ಬಿಡಿ. ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ನೀರು ತುಂಬಿದ ಮೇಲೆ ಭಾರಕ್ಕೆ ಸ್ವಲ್ಪ ಜಗ್ಗುತ್ತದೆ, ಪಂಪು ಹೊತ್ತ ನೈಲಾನ್ ಹಗ್ಗವೂ ಅಷ್ಟೇ. ತಾಮ್ರದ ಕೇಬಲ್ ಜಗ್ಗುವುದಿಲ್ಲ. ಬಿಗಿಯಾಗಿ ಕಟ್ಟಿದ್ದರೆ ಆಗ ಎಳೆತವೆಲ್ಲ ಅದರ ಮೇಲೆ ಬಿದ್ದು ಪಂಪಿನ ಹತ್ತಿರದ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಜಾಯಿಂಟಿಗೆ ನೀರು ಹೊಕ್ಕರೆ ಮತ್ತೆ ಪಂಪು ಮೇಲೆತ್ತುವ ಕೆಲಸ, ಅಲ್ವಾ? ಕಟ್ಟಲು ಹಳೇ ಸೈಕಲ್ ಟ್ಯೂಬಿನ ಬೆರಳಗಲದ ಪಟ್ಟಿ ಸಾಕು. ಬರೀ ಇನ್ಸುಲೇಷನ್ ಟೇಪು ಸುತ್ತಿದರೆ ನೀರಲ್ಲಿ ನೆನೆದು ಅಂಟು ಬಿಡುತ್ತದೆ. ಜಿಐ (ಸತು ಲೇಪದ ಕಬ್ಬಿಣ) ಪೈಪಾದರೆ ಈ ಉಪಾಯದಿಂದ ಹೆಚ್ಚೇನೂ ಲಾಭವಿಲ್ಲ, ಅದು ಜಗ್ಗುವುದೇ ಇಲ್ಲ ಅನ್ನಿ. ಸಡಿಲ ಜಾಸ್ತಿಯಾದರೂ ಕಷ್ಟ. ಪಂಪು ಶುರುವಾಗುವಾಗ ಪೈಪು ಒಮ್ಮೆ ಜರ್ಕ್ ಹೊಡೆಯುತ್ತದೆ, ಜೋತುಬಿದ್ದ ಕೇಬಲ್ ಪ್ರತಿ ಸಲ ಗೋಡೆಗೆ ಉಜ್ಜುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆ) ಬಾವಿಗಳಲ್ಲಂತೂ ಕಲ್ಲಿನ ತರಿಗೆ ಕೇಬಲಿನ ಸಿಪ್ಪೆ ಸುಲಿದುಹೋಗುತ್ತದೆ. ಇಳಿಸುವುದು, ಎತ್ತುವುದು ಯಾವಾಗಲೂ ಹಗ್ಗದಲ್ಲೇ. ಅವಸರಕ್ಕೂ ಕೇಬಲ್ ಹಿಡಿದು ಎಳೆಯಬೇಡಿ.